ಮೂರು ಕೂಗಿನ ಆಟ

ತಿಪಟೂರಿನ ಒಂದು ವಠಾರದಲ್ಲಿ ಎಂಟು ಮನೆಗಳಿದ್ದವು. ನಾಲ್ಕು ಈ ಕಡೆ, ನಾಲ್ಕು ಆ ಕಡೆ, ನಡುವೆ ಅಂಗಳ. ಒಂದು ಸಾಲಿನ ಮುಂದೆ ನೀರಿನ ನಲ್ಲಿ, ಇನ್ನೊಂದು ಸಾಲಿನ ಮುಂದೆ ನುಗ್ಗೆ ಮರ. ಹಾಗಾಗಿ ಅಲ್ಲಿನ ಮಕ್ಕಳಲ್ಲಿ ಅರ್ಧ ಜನ 'ನಲ್ಲಿ ಸಾಲು', ಇನ್ನರ್ಧ 'ನುಗ್ಗೆ ಸಾಲು'. ಹೆಸರೇನಪ್ಪಾ ಎಂದು ಯಾರಾದರೂ ಕೇಳಿದರೆ ಮೊದಲು ಸಾಲು ಹೇಳಿ ಆಮೇಲೆ ಹೆಸರು ಹೇಳುವಷ್ಟು ಅಭಿಮಾನ.

ನಲ್ಲಿ ಸಾಲಿನ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಮೂವತ್ತಾರು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಹೆಸರು ತ್ರಿಪುರಾಂಬ. ಆ ಹೆಸರು ಪಿಂಚಣಿ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ವಠಾರದ ಅಮ್ಮಂದಿರು ಚಿಕ್ಕವರಿದ್ದಾಗ ಅವರ ಹತ್ತಿರವೇ ಓದಿದ್ದರಿಂದ ಈಗಲೂ 'ಮಿಸ್' ಅನ್ನುತ್ತಿದ್ದರು. ಮಕ್ಕಳಿಗೆ ಅವರು ಅಜ್ಜಿ. ಎರಡೂ ಕೂಡಿ 'ಮಿಸ್ಸಜ್ಜಿ' ಆಗಿಹೋಗಿತ್ತು.

ಬೇಸಿಗೆ ರಜ ಶುರುವಾದರೆ ಮಕ್ಕಳು ಮನೆಯವರ ತಲೆ ತಿನ್ನುತ್ತವೆ. ಅದಕ್ಕೆ ಮಿಸ್ಸಜ್ಜಿ ಒಂದು ಉಪಾಯ ಮಾಡಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಅಂಗಳಕ್ಕೆ ಎರಡು ಬುಟ್ಟಿ ತಂದಿಡುವುದು, ಸಾಲಿಗೊಂದು. ಬುಟ್ಟಿಯಲ್ಲಿ ಇರುತ್ತಿದ್ದದ್ದು ನಿಮ್ಮ ಮನೆಯಲ್ಲೂ ಇರುವ ಸಾಮಾನೇ. ತೆಂಗಿನ ಕರಟ, ಪೊರಕೆ ಕಡ್ಡಿ, ಹಳೇ ಪೇಪರ್, ಹಾಲಿನ ಕವರ್, ಬಟ್ಟೆ ಕ್ಲಿಪ್ಪು, ರಬ್ಬರ್ ಬ್ಯಾಂಡು, ದಾರದ ಉಂಡೆ, ಯಾರೂ ತೊಡದ ಬಳೆ, ತುಂಡು ಪೈಪು. ಅಷ್ಟನ್ನು ಇಟ್ಟುಕೊಂಡು, ಎಲ್ಲರೂ ಕೂಡಿ, ಮಿಸ್ಸಜ್ಜಿ ಹೇಳಿದ ಕಷ್ಟವನ್ನು ಬಿಡಿಸಬೇಕು.

ಒಂದು ವಾರ, "ಬರೀ ಪೇಪರಲ್ಲಿ ಸೇತುವೆ ಕಟ್ಟಿ. ಅದರ ಮೇಲೆ ನನ್ನ ಹಿತ್ತಾಳೆ ಚೊಂಬು ನಿಲ್ಲಬೇಕು" ಅಂದರು. ಇನ್ನೊಂದು ವಾರ, "ತಾರಸಿ ಮೇಲಿಂದ ಹಪ್ಪಳ ಬಿಡ್ತೀನಿ. ಮುರೀದ ಹಾಗೆ ನೆಲಕ್ಕೆ ಇಳಿಸಿ" ಅಂದರು. ಆ ವಾರ ಮುರಿದ ಹಪ್ಪಳವನ್ನೆಲ್ಲ ಕರಿದು ಮಕ್ಕಳಿಗೇ ಕೊಟ್ಟರು. ಮಕ್ಕಳು ಬೇಕಂತಲೇ ಮುರಿದರು ಎಂಬ ಗುಮಾನಿ ನನಗೆ ಇವತ್ತಿಗೂ ಇದೆ.

ಈ ಆಟಕ್ಕೆ ಗಡಿಯಾರ ಇರಲಿಲ್ಲ. ಮಿಸ್ಸಜ್ಜಿ ಒಲೆಯ ಮೇಲೆ ಕುಕ್ಕರ್ ಇಟ್ಟು ಬರುತ್ತಿದ್ದರು. ಅದು ಮೂರು ಕೂಗು ಕೂಗುವುದರೊಳಗೆ ಕೆಲಸ ಮುಗಿಯಬೇಕು. ಮೂರನೇ ಕೂಗು ಕೇಳಿದ ತಕ್ಷಣ, ಕೈಯಲ್ಲಿ ಏನೇ ಇರಲಿ ಬಿಟ್ಟು, ಎರಡೂ ಕೈ ತಲೆಯ ಮೇಲೆ ಇಡಬೇಕು. ತಡಮಾಡಿದರೆ ಆ ಸಾಲಿನ ಡಬ್ಬಿಯಿಂದ ಒಂದು ಹುಣಸೇಬೀಜ ವಾಪಸು. ಗೆದ್ದರೆ ಒಂದು ಬೀಜ ಸೇರ್ಪಡೆ. ರಜ ಮುಗಿಯುವಾಗ ಯಾರ ಡಬ್ಬಿಯಲ್ಲಿ ಹೆಚ್ಚು ಬೀಜ ಇರುತ್ತದೋ ಅವರಿಗೆ ಮಿಸ್ಸಜ್ಜಿಯ ಕೈಯ ಹೋಳಿಗೆ ಮೊದಲು. ಸೋತವರಿಗೂ ಹೋಳಿಗೆ ಇತ್ತು, ಅದೇ ತುಪ್ಪ, ಅಷ್ಟೇ ದೊಡ್ಡದು. ಆದರೂ 'ಮೊದಲು' ಎಂಬ ಮಾತಿಗೆ ಮಕ್ಕಳು ಪ್ರಾಣ ಬಿಡುತ್ತಿದ್ದರು.

ಮೊದಮೊದಲು ಒಬ್ಬರದನ್ನು ಇನ್ನೊಬ್ಬರು ನೋಡಿ ಕಾಪಿ ಹೊಡೆಯುತ್ತಿದ್ದರು. ಅದನ್ನು ಮೇಷ್ಟ್ರ ಕಣ್ಣು ಸಹಿಸುತ್ತದೆಯೇ? ಮಿಸ್ಸಜ್ಜಿ ತಮ್ಮ ಹಳೇ ಹಸಿರು ಸೀರೆಯೊಂದನ್ನು ಬಟ್ಟೆ ಒಣಗಿಸುವ ತಂತಿಯ ಮೇಲೆ ಅಡ್ಡ ಹಾಕಿದರು. ಅಂಗಳ ಎರಡು ಭಾಗವಾಯಿತು. ಸೀರೆಯ ಈ ಕಡೆ ಆಡಿದ ಮಾತು ಆ ಕಡೆ ಕೇಳಬಾರದೆಂದು ಮಕ್ಕಳು ಪಿಸುಗುಟ್ಟುವುದನ್ನೂ ಕಲಿತರು. ಎಷ್ಟು ಚೆನ್ನಾಗಿ ಕಲಿತರೆಂದರೆ, ಸೋಮವಾರ ಬೆಳಿಗ್ಗೆ ನಲ್ಲಿಯ ಹತ್ತಿರ ಎದುರುಬದುರಾದರೂ ನಿನ್ನೆ ಏನು ಮಾಡಿದ್ರಿ ಎಂದು ಒಬ್ಬರನ್ನೊಬ್ಬರು ಕೇಳುತ್ತಿರಲಿಲ್ಲ.

ನುಗ್ಗೆ ಸಾಲಿಗೆ ಇಂಚರ ನಾಯಕಿ. ಹನ್ನೆರಡು ವರ್ಷ, ಚುರುಕು ಬುದ್ಧಿ, 'ಗೊತ್ತಿಲ್ಲ' ಎಂಬ ಪದ ಅವಳ ಬಾಯಲ್ಲಿ ಯಾರೂ ಕೇಳಿದವರಿಲ್ಲ. ನಲ್ಲಿ ಸಾಲಿಗೆ ಅಫ್ರೋಜ್. ಅವನಿಗೂ ಹನ್ನೆರಡೇ. ಅವನ ಅಬ್ಬ ತೆಂಗಿನ ತೋಟಗಳಿಗೆ ಡ್ರಿಪ್ ಪೈಪ್ ಹಾಕುವ ಕೆಲಸ ಮಾಡುತ್ತಿದ್ದರು, ಹಾಗಾಗಿ ಅವನ ಕೈಗೆ ಕತ್ತರಿಸುವುದು, ಜೋಡಿಸುವುದು ಎಲ್ಲ ನೀರು ಕುಡಿದಷ್ಟು ಸಲೀಸು. ಇಬ್ಬರೂ ಒಳ್ಳೆಯ ಮಕ್ಕಳೇ. ಆದರೆ ಭಾನುವಾರ ಮಾತ್ರ ಹಾವು ಮುಂಗುಸಿ.

ಹಿಂದಿನ ಭಾನುವಾರದ ಕಷ್ಟ ಹೀಗಿತ್ತು. ಸೀಮೆಸುಣ್ಣದ ದೊಡ್ಡ ವೃತ್ತ, ಅದರ ನಡುವೆ ಮರಳು ತುಂಬಿದ ಬಾಟಲಿ. ಗೆರೆ ದಾಟದೆ ಬಾಟಲಿಯನ್ನು ಈಚೆ ತರಬೇಕು. ಸೀರೆಯ ಎರಡೂ ಕಡೆ ಒಂದೊಂದು ವೃತ್ತ, ಒಂದೊಂದು ಬಾಟಲಿ. ಇಂಚರ ಬಳೆಗೆ ದಾರ ಕಟ್ಟಿ ಎಸೆದಳು. ಮೂವತ್ತು ಸಲ ತಪ್ಪಿದರೂ ಮೂವತ್ತೊಂದನೇ ಸಲ ಬಳೆ ಬಾಟಲಿಯ ಕತ್ತಿಗೆ ಬಿತ್ತು. ಮೆಲ್ಲಗೆ ಎಳೆದುಕೊಂಡಳು. ಆ ಕಡೆ ಅಫ್ರೋಜ್ ಡ್ರಿಪ್ ಪೈಪಿನ ತುಂಡನ್ನು ಬಗ್ಗಿಸಿ, ಬಾಟಲಿಯ ಹಿಂದಿನಿಂದ ಸುತ್ತು ಹಾಕಿಸಿ ಎಳೆದ. ಪೈಪು ಸ್ವಲ್ಪ ಗಿಡ್ಡವಾಯಿತು, ಬಾಟಲಿ ಗೆರೆಯ ಹತ್ತಿರ ಬಂದು ಉರುಳಿಬಿತ್ತು. ಒಂದು ಬೀಜ ನುಗ್ಗೆ ಸಾಲಿಗೆ ಹೋಯಿತು. ಬಳೆಯ ಉಪಾಯ ನಲ್ಲಿ ಸಾಲಿಗೆ ಗೊತ್ತಾಗಲಿಲ್ಲ, ಪೈಪಿನ ಉಪಾಯ ನುಗ್ಗೆ ಸಾಲಿಗೆ ಗೊತ್ತಾಗಲಿಲ್ಲ. ಅಫ್ರೋಜ್ ಹಲ್ಲು ಕಚ್ಚಿ, ಇನ್ನೂ ಉದ್ದದ ಪೈಪೊಂದನ್ನು ತಂದು ಮಂಚದ ಕೆಳಗೆ ಬಚ್ಚಿಟ್ಟ.

ಈಗ ನಾನು ಹೇಳಬೇಕಾದ ಭಾನುವಾರಕ್ಕೆ ಬಂದೆ.

ಆ ದಿನ ಮಿಸ್ಸಜ್ಜಿಯ ಮನೆಯಲ್ಲಿ ಗ್ಯಾಸು ಖಾಲಿ. ಕುಕ್ಕರ್ ಇಲ್ಲದೆ ಆಟ ಹೇಗೆ? ಇಂಚರಳ ಅಮ್ಮ ಲಾವಣ್ಯ ಬಾಗಿಲಲ್ಲಿ ನಿಂತು ಹೇಳಿದಳು, "ಅದಕ್ಕೇನ್ ಮಿಸ್, ನಮ್ಮನೆ ಕೂಗಿಗೇ ಆಡ್ಸಿ. ಬೇಳೆಗೆ ಇಟ್ಟಿದೀನಿ, ಮೂರು ಕೂಗಿಗೆ ಇಳಿಸ್ತೀನಿ." ಮೂರೇ ಕೂಗಿನ ಬೇಳೆಯಾದ್ದರಿಂದ ನೀರೂ ಅಷ್ಟಕ್ಕಷ್ಟೇ ಹಾಕಿದ್ದಳು. ಒಲೆ ಹಚ್ಚಿಟ್ಟು, ನಲ್ಲಿಯಲ್ಲಿ ನೀರು ನಿಂತುಹೋಗುವ ಮೊದಲು ಒಂದು ಕೊಡ ಹಿಡಿದು ಬರೋಣವೆಂದು ಹೊರಗೆ ಬಂದಳು.

ಒಳಗೆ ಉಳಿದವನು ಪಾಪಣ್ಣ, ಇಂಚರಳ ತಮ್ಮ. ಎರಡು ವರ್ಷ ತುಂಬಿ ಒಂದು ತಿಂಗಳು. ಪಾಪಣ್ಣನಿಗೆ ಈ ಲೋಕದಲ್ಲಿ ಇಷ್ಟವಾದದ್ದು ಎರಡೇ. ಒಂದು ಕುಕ್ಕರ್. ಅದು ಕೂಗಿದಾಗಲೆಲ್ಲ ಇವನೂ ಕೈ ಎತ್ತಿ 'ಕೂ' ಎಂದು ಕೂಗಿ, ಅದನ್ನು ನೋಡಲು ಅಡುಗೆಮನೆಗೆ ಓಡುತ್ತಿದ್ದ. ಇನ್ನೊಂದು, ಬಾಗಿಲಿನ ಕೆಳಗಿನ ಚಿಲಕ. ಹಳೇ ಕಾಲದ ಜೋಡಿ ಬಾಗಿಲು ಅದು. ಅಡ್ಡಕ್ಕೆ ಸರಿಸುವ ಕಬ್ಬಿಣದ ಚಿಲಕ ಸರಿಯಾಗಿ ಅವನ ಎದೆಯ ಮಟ್ಟಕ್ಕೆ ಇತ್ತು. ಅಮ್ಮ ಸರಿಸುವುದನ್ನು ದಿನಾ ನೋಡುತ್ತಿದ್ದ. ಅಮ್ಮ ಹೊರಗೆ ಹೋದಳು, ಗಾಳಿಗೆ ಬಾಗಿಲು ಮುಚ್ಚಿಕೊಂಡಿತು, ಪಾಪಣ್ಣ ಎರಡೂ ಕೈ ಹಾಕಿ ಚಿಲಕವನ್ನು ಸರಿಸಿಯೇಬಿಟ್ಟ.

ಲಾವಣ್ಯ ಕೊಡ ಹೊತ್ತು ಬಂದು ಬಾಗಿಲು ತಳ್ಳಿದಳು. ಬರಲಿಲ್ಲ.

"ಪಾಪಣ್ಣಾ, ಚಿಲಕ ತೆಗಿ ಕಂದಾ."

ಒಳಗಿನಿಂದ ನಗು ಕೇಳಿತು. ಅವನು ತೆಗೆಯಲು ಹೋಗಿ ಚಿಲಕವನ್ನು ಇನ್ನಷ್ಟು ಒಳಕ್ಕೆ ತಳ್ಳಿದ. ಲಾವಣ್ಯಳ ಕೈಯಿಂದ ಕೊಡ ಜಾರಿತು. ಅವಳು ಬಾಗಿಲು ಬಡಿದಳು, ಬಡಿತಕ್ಕೆ ಹೆದರಿ ಪಾಪಣ್ಣ ಅಳತೊಡಗಿದ. ಅಷ್ಟರಲ್ಲಿ ಒಳಗೆ ಕುಕ್ಕರ್ ಮೊದಲ ಕೂಗು ಹಾಕಿತು.

"ಒಲೆ ಉರೀತಿದೆ ಮಿಸ್. ಮಗು ಕುಕ್ಕರ್ ಹತ್ರ ಹೋಗ್ತಾನೆ," ಎಂದಳು ಲಾವಣ್ಯ.

ವಠಾರದ ಇಬ್ಬರು ಗಂಡಸರು ಬಂದು ಭುಜ ಕೊಟ್ಟು ನೂಕಿದರು. ಹಲಸಿನ ಮರದ ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಒಬ್ಬರು ಬಡಗಿಯನ್ನು ಕರೆತರಲು ಸೈಕಲ್ ಹತ್ತಿದರು. ಮಿಸ್ಸಜ್ಜಿ ಲಾವಣ್ಯಳ ಕೈ ಹಿಡಿದುಕೊಂಡಿದ್ದರು, ಅವರಿಗೂ ದಿಕ್ಕು ತೋಚಲಿಲ್ಲ.

ಮಕ್ಕಳು ಯಾರೂ ಹೇಳುವ ಮೊದಲೇ ತಮ್ಮ ತಮ್ಮ ಬುಟ್ಟಿ ಎತ್ತಿಕೊಂಡರು. ಅದು ಮೆಚ್ಚುವ ಮಾತು. ಆದರೆ ಎತ್ತಿಕೊಂಡು ಹೇಗೆ ಓಡಿದರು ಗೊತ್ತೇ? ಇಂಚರಳ ಗುಂಪು ಬಾಗಿಲ ಪಕ್ಕದ ಕಿಟಕಿಗೆ, ಅಫ್ರೋಜನ ಗುಂಪು ಮನೆಯ ಹಿಂದಕ್ಕೆ. ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ಎಷ್ಟೋ ಭಾನುವಾರಗಳ ರೂಢಿ ಅದು, ಮೈಗೆ ಹತ್ತಿಬಿಟ್ಟಿತ್ತು.

ಮುಂದಿನ ಕಿಟಕಿಯಿಂದ ಚಿಲಕಕ್ಕೆ ಮೂರು ನಾಲ್ಕು ಅಡಿ ದೂರ. ಕಂಬಿಗಳ ನಡುವೆ ಕೈ ತೂರಿಸಬಹುದು, ಚಿಲಕ ಮಾತ್ರ ಕಾಣುವುದಿಲ್ಲ. ಬಾಗಿಲೂ ಕಿಟಕಿಯೂ ಒಂದೇ ಗೋಡೆಯಲ್ಲಿದ್ದವು, ಮೇಲಾಗಿ ಮೊಳ ದಪ್ಪದ ಗೋಡೆ. ಇಂಚರ ನೆಲ ಒರೆಸುವ ಕೋಲಿನ ತುದಿಗೆ ಬಳೆ ಕಟ್ಟಿ ಒಳಗೆ ತೂರಿಸಿದಳು. ಬಳೆ ಚಿಲಕದ ಹಿಡಿಗೆ ಸಿಕ್ಕಿಕೊಂಡರೆ ಕಿಟಕಿಯ ಕಡೆಗೆ ಎಳೆದುಬಿಡಬಹುದು. ಉಪಾಯವೇನೋ ಸರಿ. ಆದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸೂಜಿಗೆ ದಾರ ಪೋಣಿಸುವ ಕೆಲಸ. ಕುರುಡಾಗಿ ಗೋಡೆಗೆ ತಿವಿದಳು, ಮತ್ತೆ ತಿವಿದಳು.

ಹಿಂದಿನ ಗೋಡೆಯಲ್ಲಿ ಎತ್ತರಕ್ಕೆ ಒಂದು ಬೆಳಕಿಂಡಿ. ಅದಕ್ಕೂ ಕಂಬಿ. ಅಫ್ರೋಜ್ ನೀರಿನ ಡ್ರಮ್ಮನ್ನು ಬೋರಲು ಹಾಕಿ ಹತ್ತಿದ. ಪಕ್ಕದಲ್ಲಿ ಅವನ ಸಾಲಿನ ಅತಿ ಚಿಕ್ಕವಳು, ಏಳು ವರ್ಷದ ಗೌತಮಿಯೂ ಹತ್ತಿದಳು. ಅಲ್ಲಿಂದ ಇಡೀ ನಡುಮನೆ ಕಾಣುತ್ತಿತ್ತು. ಪಾಪಣ್ಣ ಕಾಣುತ್ತಿದ್ದ. ಎದುರಿಗೆ ಬಾಗಿಲು, ಅದರ ಮೇಲೆ ಚಿಲಕ, ಕೈಗನ್ನಡಿಯಲ್ಲಿ ಕಂಡಷ್ಟು ನಿಚ್ಚಳ. ಆದರೆ ಅದು ಹನ್ನೆರಡು ಅಡಿ ಆಚೆ. ಅಫ್ರೋಜ್ ಹಗ್ಗಕ್ಕೆ ಕೊಕ್ಕೆ ಕಟ್ಟಿ ಕಂಬಿಯ ಸಂದಿಯಿಂದ ಎಸೆದ. ಅದು ಅರ್ಧ ದಾರಿಯಲ್ಲೇ ಬಿತ್ತು.

"ಅಫ್ರೋಜಣ್ಣ, ಇಂಚರಕ್ಕನ ಕೋಲು ಚಿಲಕದಿಂದ ಇಷ್ಟು ದೂರ ಆಡ್ತಿದೆ. ಹೇಳ್ಲಾ?" ಎಂದಳು ಗೌತಮಿ.

"ಸುಮ್ನಿರು. ಅವರಿಗ್ಯಾಕೆ ಹೇಳ್ತೀಯ? ನಾವೇ ತೆಗೀತೀವಿ."

ಎರಡನೇ ಕೂಗು ಬಂತು. ಪಾಪಣ್ಣ ಅಳು ನಿಲ್ಲಿಸಿ ಅಡುಗೆಮನೆಯ ಕಡೆ ತಿರುಗಿದ. ಮುಂದಿನ ಕಿಟಕಿಯಲ್ಲಿ ಇಂಚರ ಬೆವರುತ್ತ ತಿವಿಯುತ್ತಿದ್ದಳು, ಹಿಂದೆ ಅಫ್ರೋಜ್ ಬೆವರುತ್ತ ಎಸೆಯುತ್ತಿದ್ದ. ನಡುವೆ ಒಂದು ಮನೆ, ಒಂದು ಮಗು. ಕಾಣುವವರಿಗೆ ಕೈ ಎಟುಕುತ್ತಿಲ್ಲ, ಕೈ ಎಟುಕುವವರಿಗೆ ಕಾಣುತ್ತಿಲ್ಲ. ಬಾಯಿ ಮಾತ್ರ ಎರಡೂ ಕಡೆ ಮುಚ್ಚಿಕೊಂಡಿತ್ತು.

ಆಮೇಲೆ ಮೂರನೇ ಕೂಗು ಬಂತು.

ಇದನ್ನು ಹೇಳಲು ನನಗೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಮೂರನೇ ಕೂಗು ಕೇಳಿದ್ದೇ ತಡ, ಮುಂದಿದ್ದ ಐದು ಮಕ್ಕಳು, ಹಿಂದಿದ್ದ ಐದು ಮಕ್ಕಳು, ಹತ್ತೂ ಜನ ಕೈಯಲ್ಲಿದ್ದದ್ದನ್ನು ಬಿಟ್ಟು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡರು. ಇಂಚರಳ ಕೋಲು ಜಾರಿ ಮನೆಯೊಳಗೆ ಬಿತ್ತು. ಅಫ್ರೋಜನ ಹಗ್ಗವೂ ಒಳಗೇ ಬಿತ್ತು.

ಲಾವಣ್ಯ ಮಕ್ಕಳನ್ನು ನೋಡಿದಳು. "ಯಾಕ್ರೋ ನಿಲ್ಸಿದ್ರಿ?"

ಇಂಚರ ತನ್ನ ಕೈ ತಲೆಯ ಮೇಲಿರುವುದನ್ನು ಆಗ ಗಮನಿಸಿದಳು. ಒಳಗಿರುವುದು ಅವಳ ತಮ್ಮ. ಕೈ ಇಳಿಸುವುದೂ ಅವಳಿಗೆ ಮರೆತುಹೋಯಿತು.

ಮಿಸ್ಸಜ್ಜಿ ಇಂಚರಳ ಮುಖ ನೋಡಿದರು. ಇದನ್ನು ಕಲಿಸಿದ್ದು ಬೇರೆ ಯಾರೂ ಅಲ್ಲ, ತಾವೇ. ಅವರು ಅಂಗಳಕ್ಕೆ ಹೋಗಿ ಹಸಿರು ಸೀರೆಯನ್ನು ತಂತಿಯಿಂದ ಒಂದೇ ಸಲಕ್ಕೆ ಎಳೆದು ಕೆಳಗೆ ಹಾಕಿದರು. ಹಿಂದಿನ ಮಕ್ಕಳನ್ನೂ ಕೂಗಿ ಮುಂದಕ್ಕೆ ಕರೆದರು.

"ಕೈ ಇಳಿಸಿ. ಇವತ್ತು ಸಾಲಿಲ್ಲ, ಬೀಜ ಇಲ್ಲ, ಕೂಗಿನ ಲೆಕ್ಕ ಇಲ್ಲ. ಒಳಗಿರೋದು ನಮ್ಮ ಮಗು. ಯಾರಿಗೆ ಏನು ಗೊತ್ತೋ ಬಾಯಿಬಿಟ್ಟು ಹೇಳಿ. ಎಲ್ಲರಿಗೂ ಕೇಳೋ ಹಾಗೆ ಹೇಳಿ."

ಪಿಸುಗುಟ್ಟಿ ರೂಢಿಯಾದ ಗಂಟಲು, ದನಿ ಗಟ್ಟಿಯಾಗಿ ಬರಬೇಕಲ್ಲ.

ಮೊದಲು ಬಾಯಿ ಬಿಟ್ಟವಳು ಇಂಚರ. "ನಂಗೆ ಗೊತ್ತಾಗ್ತಿಲ್ಲ ಕಣೋ ಅಫ್ರೋಜ್. ಚಿಲಕ ಎಲ್ಲಿದೆ ಅಂತ ಕಾಣ್ತಾನೇ ಇಲ್ಲ," ಎಂದಳು. ಆ ಮಾತು ಹೇಳುವುದು ಅವಳಿಗೆ ಎಷ್ಟು ಕಷ್ಟವಾಗಿರಬೇಕು, ನೀವೇ ಯೋಚಿಸಿ.

"ಹಿಂದಿನಿಂದ ಪೂರ್ತಿ ಕಾಣುತ್ತೆ ಅಕ್ಕ," ಎಂದು ಗೌತಮಿ ತಡೆಯಲಾರದೆ ಹೇಳಿದಳು. "ನಿನ್ನ ಕೋಲು ನೆಟ್ಟಗೆ ಹೋಗ್ತಿತ್ತು. ಚಿಲಕ ಇರೋದು ಪಕ್ಕಕ್ಕೆ, ಗೋಡೆಗೆ ಅಂಟ್ಕೊಂಡ ಹಾಗೆ."

"ಕೋಲು ಬಗ್ಗಲ್ಲ, ಅದಕ್ಕೇ," ಎಂದ ಅಫ್ರೋಜ್. "ಬಗ್ಗೋದು ನನ್ನ ಹತ್ರ ಇದೆ. ಬಂದೆ ಇರು."

ಅವನು ಓಡಿಹೋಗಿ ಮಂಚದ ಕೆಳಗೆ ಬಚ್ಚಿಟ್ಟಿದ್ದ ಕಪ್ಪು ಡ್ರಿಪ್ ಪೈಪನ್ನು ತಂದ. ಸುರುಳಿಯಲ್ಲಿ ಇದ್ದೂ ಇದ್ದೂ ಅದಕ್ಕೆ ತಾನಾಗಿಯೇ ಒಂದು ಬಾಗು ಬಂದಿತ್ತು. ಆದರೆ ಬರೀ ಪೈಪಿನ ತುದಿ ಚಿಲಕವನ್ನು ಹಿಡಿಯುವುದು ಹೇಗೆ? ಅದಕ್ಕೆ ಇಂಚರಳ ಬಳೆ ಬೇಕಾಯಿತು. ಬುಟ್ಟಿಯಲ್ಲಿದ್ದ ಇನ್ನೊಂದು ಬಳೆಗೆ ಅವಳು ದಾರ ಕಟ್ಟಿದಳು. ಅಫ್ರೋಜ್ ಆ ದಾರವನ್ನು ಪೈಪಿನೊಳಗೆ ತೂರಿಸಿ ಈ ತುದಿಯಲ್ಲಿ ಬಿಗಿಯಾಗಿ ಎಳೆದು ಹಿಡಿದ. ಬಳೆ ಪೈಪಿನ ಆ ತುದಿಗೆ ಗಟ್ಟಿಯಾಗಿ ಕೂತುಕೊಂಡಿತು. ಹಿಂದಿನ ಭಾನುವಾರದ ಎರಡು ಅರ್ಧ ಉಪಾಯಗಳು ಈಗ ಒಂದು ಪೂರ್ತಿ ಉಪಾಯವಾದವು.

ಒಳಗೆ ನಾಲ್ಕನೇ ಕೂಗು ಬಂತು. ಯಾರೂ ತಲೆಯ ಮೇಲೆ ಕೈ ಇಡಲಿಲ್ಲ.

ಗೌತಮಿ ಹಿಂದಕ್ಕೆ ಓಡಿ ಡ್ರಮ್ಮು ಹತ್ತಿದಳು. ಎಪ್ಪತ್ತೊಂದು ವರ್ಷದ ಮಿಸ್ಸಜ್ಜಿ ಅವಳ ಕಾಲು ಹಿಡಿದು ನಿಂತರು. ಬೆಳಕಿಂಡಿಯಿಂದ ನೋಡಿದರೆ ಪಾಪಣ್ಣ ಆಗಲೇ ಅಡುಗೆಮನೆಯ ಹೊಸ್ತಿಲ ಹತ್ತಿರ ಇದ್ದ, ಕೈ ಎತ್ತಿ 'ಕೂ' ಅನ್ನುತ್ತಿದ್ದ.

"ಪಾಪಣ್ಣಾ, ಇಲ್ನೋಡು. ಗೌತಮಕ್ಕ ಎಲ್ಲಿದಾಳೆ?"

ಅವನು ತಿರುಗಿದ. ಅವಳು ಮುಖ ಅಡಗಿಸಿದಳು. ಅವನು ಹುಡುಕಿಕೊಂಡು ಒಂದು ಹೆಜ್ಜೆ ಈಚೆ ಬಂದ. ಅಡಗಿಸಿ, ತೋರಿಸಿ, ಅಡಗಿಸಿ, ಅವನನ್ನು ನಡುಮನೆಯ ಮಧ್ಯಕ್ಕೆ ತಂದು ನಿಲ್ಲಿಸಿದಳು. ಈಗ ಒಂದು ಪೇಚು. ಇವನನ್ನು ಆಡಿಸುತ್ತಿರಬೇಕು, ಅದೇ ಬಾಯಲ್ಲಿ ಆಚೆಯವರಿಗೆ ದಾರಿಯನ್ನೂ ಹೇಳಬೇಕು. ಕಿರುಚಿದರೆ ಮಗು ಹೆದರುತ್ತದೆ. ಆ ಏಳು ವರ್ಷದ ಹುಡುಗಿ ಏನು ಮಾಡಿದಳು ಗೊತ್ತೇ? ದಾರಿಯನ್ನೇ ಹಾಡು ಮಾಡಿ ರಾಗವಾಗಿ ಹೇಳಿದಳು.

"ಎಡಗಡೆ ಬಾರೋ ಪೈಪಣ್ಣ..."

ಪೈಪು ತದ್ವಿರುದ್ಧ ಕಡೆ ಹೋಯಿತು. ಅವಳ ಎಡ ಅವರ ಬಲ. ಕಿಟಕಿಯಿಂದ ಅಫ್ರೋಜನ ದನಿ ಬಂತು, "ಎಡ ಬಲ ಬೇಡ ಗೌತಮಿ. ಬಾಗಿಲ ಕಡೆ, ಕಿಟಕಿ ಕಡೆ ಅನ್ನು."

"ಬಾಗಿಲ ಕಡೆಗೆ ಪೈಪಣ್ಣ, ಇನ್ನೊಂಚೂರು ಪೈಪಣ್ಣ, ಕೆಳಗೆ ಕೆಳಗೆ ಪೈಪಣ್ಣ, ಅಯ್ಯೋ ಮೇಲೆ ಪೈಪಣ್ಣ..."

ಪಾಪಣ್ಣನಿಗೆ ಇದಕ್ಕಿಂತ ಒಳ್ಳೆಯ ಆಟ ಸಿಕ್ಕಿಯೇ ಇರಲಿಲ್ಲ. ಅವನು ಕೈತಟ್ಟಿ ಕುಣಿದ. ಕಿಟಕಿಯಲ್ಲಿ ಪೈಪನ್ನು ಹಿಡಿದಿದ್ದವಳು ಇಂಚರ, ದಾರವನ್ನು ಬಿಗಿ ಹಿಡಿದಿದ್ದವನು ಅಫ್ರೋಜ್. ಇಬ್ಬರ ತಲೆಯೂ ಒಂದಕ್ಕೊಂದು ತಾಗುತ್ತಿತ್ತು. ಇಬ್ಬರಿಗೂ ಏನೂ ಕಾಣುತ್ತಿರಲಿಲ್ಲ. ಆ ಪುಟ್ಟ ಹುಡುಗಿಯ ಹಾಡೇ ಅವರ ಕಣ್ಣು.

ಐದನೇ ಕೂಗು ಅರ್ಧಕ್ಕೆ ನಿಂತಿತು. ಆಮೇಲೆ ಕುಕ್ಕರ್ ಕೂಗಲೇ ಇಲ್ಲ. ಕೂಗುವಾಗ ಇದ್ದ ಹೆದರಿಕೆಗಿಂತ ಅದು ಸುಮ್ಮನಾದಾಗಿನ ಹೆದರಿಕೆ ದೊಡ್ಡದು. ಒಳಗೆ ನೀರು ಮುಗಿದಿತ್ತು. ಬೇಳೆ ಸೀದ ವಾಸನೆ ಕಿಟಕಿಯವರೆಗೆ ಬಂತು. ಲಾವಣ್ಯ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದಳು.

"ಮೇಲೆ ಪೈಪಣ್ಣ, ಗೋಡೆಗೆ ಅಂಟ್ಕೋ ಪೈಪಣ್ಣ, ಸಾಕು ಪೈಪಣ್ಣ..." ಗೌತಮಿಯ ಹಾಡು ತಟ್ಟನೆ ನಿಂತಿತು. "ಬಿತ್ತು ಅಕ್ಕ. ಬಳೆ ಚಿಲಕಕ್ಕೆ ಬಿತ್ತು. ಎಳಿ."

ಇಂಚರ ಎಳೆದಳು. ಅದು ಬರಲಿಲ್ಲ. ಅವಳ ಕೈಯ ಮೇಲೆ ಅಫ್ರೋಜ್ ಕೈ ಇಟ್ಟ. ಅವನ ಸೊಂಟವನ್ನು ಹಿಂದಿದ್ದವರು ಹಿಡಿದರು. ಯಾರು ಯಾವ ಸಾಲು ಎಂದು ಯಾರೂ ನೋಡಲಿಲ್ಲ. ಎಲ್ಲರೂ ಒಟ್ಟಿಗೆ ಎಳೆದರು. ಒಳಗೆ ಟಕ್ ಎಂದಿತು.

ಬಾಗಿಲು ತೆರೆಯಿತು. ಲಾವಣ್ಯ ಓಡಿ ಮಗುವನ್ನು ಎತ್ತಿಕೊಂಡಳು. ಇಂಚರ ಅಡುಗೆಮನೆಗೆ ಓಡಿ ಗ್ಯಾಸು ಆರಿಸಿದಳು. ಕುಕ್ಕರಿನ ತಳ ಇದ್ದಲಾಗಿತ್ತು. ಪಾಪಣ್ಣನಿಗೆ ಮಾತ್ರ ಆಟ ಇಷ್ಟು ಬೇಗ ಮುಗಿದದ್ದು ಬೇಸರವಾಯಿತು. ಅಮ್ಮನ ಹೆಗಲ ಮೇಲಿಂದ ಬೆಳಕಿಂಡಿಯ ಕಡೆ ಕೈ ತೋರಿಸಿ "ಪೈಪಣ್ಣ" ಎಂದು ಅತ್ತ.

ಐದು ನಿಮಿಷದ ಮೇಲೆ ಬಡಗಿ ಚೀಲ ಹೊತ್ತು ಬಂದ. ತೆರೆದ ಬಾಗಿಲು ನೋಡಿ, ಪೈಪು ನೋಡಿ, ಬಳೆ ನೋಡಿ, "ನಾನು ಬರೋದ್ರೊಳಗೆ ಯಾವ ಮೇಸ್ತ್ರಿನ ಕರ್ಸಿದ್ರಿ ತಾಯಿ?" ಎಂದು ಕೇಳಿದ. ಮಿಸ್ಸಜ್ಜಿ ಡ್ರಮ್ಮಿನಿಂದ ಇಳಿದು ಬಂದು ಪಕ್ಕದಲ್ಲಿ ನಿಂತಿದ್ದ ಪುಟ್ಟ ಮೇಸ್ತ್ರಿಯನ್ನು ತೋರಿಸಿದರು. ಮೇಸ್ತ್ರಿಗೆ ಮುಂದಿನ ಎರಡು ಹಲ್ಲು ಇರಲಿಲ್ಲ.

ಎಲ್ಲ ತಣ್ಣಗಾದ ಮೇಲೆ ಅಫ್ರೋಜ್ ನುಗ್ಗೆ ಮರದ ಕೆಳಗೆ ಒಬ್ಬನೇ ಕೂತಿದ್ದ. ಇಂಚರ ಹೋಗಿ ಪಕ್ಕದಲ್ಲಿ ಕೂತಳು.

"ನಿನ್ನ ಕೋಲು ತಪ್ತಿರೋದು ನಂಗೆ ಮೊದಲೇ ಕಾಣ್ತಿತ್ತು. ಗೌತಮಿ ಹೇಳ್ತೀನಿ ಅಂದ್ಲು. ನಾನೇ ಬೇಡ ಅಂದೆ," ಎಂದ ಅವನು, ತಲೆ ಎತ್ತದೆ.

ಇಂಚರ, "ನಾನೂ ಕೇಳ್ಬೋದಿತ್ತು. ಕೇಳ್ಲಿಲ್ಲ," ಎಂದಳು.

ಮಿಸ್ಸಜ್ಜಿ ಇಬ್ಬರ ಮುಂದೆ ಬಂದು, ಮಂಡಿನೋವು ಲೆಕ್ಕಿಸದೆ ನೆಲದ ಮೇಲೆ ಕೂತರು. ಉಳಿದ ಮಕ್ಕಳೂ ಸುತ್ತ ಸೇರಿದರು.

"ತಪ್ಪು ನಿಮ್ಮಿಬ್ಬರದೂ ಅಲ್ಲ ಮಕ್ಕಳೇ. ನಂದು. ಕೂಡಿ ಕೆಲಸ ಮಾಡೋದು ಕಲಿಸ್ತೀನಿ ಅಂತ ಹೊರಟೆ. ಆಮೇಲೆ ನಾನೇ ಅಂಗಳಕ್ಕೆ ಅಡ್ಡ ಸೀರೆ ಕಟ್ಟಿದೆ. ಐದು ಜನ ಕೂಡೋದು ಕಲಿಸಿದೆ, ಹತ್ತು ಜನ ಕೂಡೋದು ಕಲಿಸಲಿಲ್ಲ." ಅವರ ಕಣ್ಣು ತುಂಬಿತು, ಸೆರಗಿನಲ್ಲಿ ಒರೆಸಿಕೊಂಡರು. "ಮೂವತ್ತಾರು ವರ್ಷ ಪಾಠ ಹೇಳಿದೀನಿ. ಇವತ್ತು ನಾನೇ ಪಾಠ ಕಲ್ತೆ."

ಟೀಚರೊಬ್ಬರು ಹೀಗೆ ತಪ್ಪೊಪ್ಪಿಕೊಂಡಿದ್ದನ್ನು ಮಕ್ಕಳು ಹಿಂದೆಂದೂ ನೋಡಿರಲಿಲ್ಲ. ಎಲ್ಲರೂ ಅವರಿಗೆ ಅಂಟಿಕೊಂಡು ಕೂತರು. ಕೊನೆಗೆ ಒಬ್ಬ ಹುಡುಗ ಮೆಲ್ಲಗೆ ಕೇಳಿದ, "ಮಿಸ್ಸಜ್ಜಿ, ಹಾಗಾದ್ರೆ ಇವತ್ತಿನ ಬೀಜ ಯಾರಿಗೆ?"

ಮಿಸ್ಸಜ್ಜಿ ಜೋರಾಗಿ ನಕ್ಕುಬಿಟ್ಟರು. ಎರಡೂ ಡಬ್ಬಿ ತರಿಸಿ, ಬೀಜವನ್ನೆಲ್ಲ ಒಂದೇ ರಾಶಿ ಸುರಿದರು. "ಇವನ್ನ ಉಜ್ಜಿ ಚೌಕಾಬಾರಕ್ಕೆ ಇಟ್ಕೊಳ್ಳಿ. ಹೋಳಿಗೆ ಈ ಸಲ ಎಲ್ಲರಿಗೂ ಒಂದೇ ಪಂಕ್ತೀಲಿ. ಮೊದಲನೇದು ಗೌತಮಿಗೆ."

ಮುಂದಿನ ಭಾನುವಾರ ಅಂಗಳದಲ್ಲಿ ಒಂದೇ ದೊಡ್ಡ ಬುಟ್ಟಿ ಇತ್ತು. ಕುಕ್ಕರ್ ಮಿಸ್ಸಜ್ಜಿಯ ಮನೆಯದೇ, ಲಾವಣ್ಯ ಅದರ ಪಕ್ಕ ಕದಲದೆ ಕೂತಿದ್ದಳು. ಕೂಗಿನ ನಿಯಮ ಮಾತ್ರ ಬದಲಾಗಿತ್ತು. ಕೂಗು ಕೇಳಿದರೆ ತಲೆಯ ಮೇಲೆ ಕೈ ಇಡುವಂತಿಲ್ಲ. ಎದ್ದು ಪಕ್ಕದವರ ಹತ್ತಿರ ಹೋಗಿ, "ನಿಮಗೆ ಏನು ಕಾಣ್ತಿದೆ?" ಎಂದು ಕೇಳಬೇಕು.

ಹಳೇ ಹಸಿರು ಸೀರೆಯೂ ಬುಟ್ಟಿಯಲ್ಲೇ ಇತ್ತು. ಆ ದಿನದ ಕಷ್ಟ ಇಷ್ಟೇ: "ಈ ಸೀರೇಲಿ ಪಾಪಣ್ಣನ್ನ ಈ ಸಾಲಿಂದ ಆ ಸಾಲಿಗೆ ಸಾಗಿಸಿ. ಅವನ ಕಾಲು ನೆಲ ಮುಟ್ಟಬಾರದು." ಹತ್ತು ಮಕ್ಕಳು ಸೀರೆಯನ್ನು ಬಿಚ್ಚಿ ಸುತ್ತಲೂ ಹಿಡಿದರು. ನಡುವೆ ಪಾಪಣ್ಣನನ್ನು ಕೂರಿಸಿದರು. ಯಾವುದು ಅಂಗಳವನ್ನು ಎರಡು ಮಾಡಿತ್ತೋ ಅದರಲ್ಲೇ ಅವನು ನಲ್ಲಿಯಿಂದ ನುಗ್ಗೆ ಮರಕ್ಕೆ, ನುಗ್ಗೆ ಮರದಿಂದ ನಲ್ಲಿಗೆ, ತೂಗಾಡುತ್ತ ಹೋಗಿ ಬಂದ. ಮೂರನೇ ಕೂಗು ಬಂದರೂ ಇಳಿಯಲು ಒಪ್ಪಲಿಲ್ಲ.

ನೀತಿ: ಎಲ್ಲ ಉತ್ತರವೂ ಒಬ್ಬರ ಬುಟ್ಟಿಯಲ್ಲೇ ಇರುವುದಿಲ್ಲ. ನಮಗೆ ಎಟುಕುವುದು ಇನ್ನೊಬ್ಬರಿಗೆ ಎಟುಕದು, ಅವರಿಗೆ ಕಾಣುವುದು ನಮಗೆ ಕಾಣದು. ಗೊತ್ತಿಲ್ಲದಿದ್ದರೆ ನಾಚದೆ ಕೇಳಿ, ಗೊತ್ತಿದ್ದರೆ ಬಚ್ಚಿಡದೆ ಹೇಳಿ. ಗೆಲ್ಲಲೆಂದು ಕಟ್ಟಿದ ಅಡ್ಡಸೀರೆಯನ್ನು ಮಗು ಅಳುವ ಮೊದಲೇ ಇಳಿಸುವುದು ಜಾಣತನ.